ಮೋಡೆಮ್ ಕಾಕಾನ ವಾಟ್ನಿ

ಬೆಳಗಾವಿಯ ಮಹಾಂತೇಶ ನಗರದಲ್ಲಿ ಹಾಲಿನ ಡೇರಿ ಒಂದೇ. ಮೋಡೆಮ್ ಕಾಕಾಗಳು ಮಾತ್ರ ಸೆಕ್ಟರಿಗೊಬ್ಬರು. ನಿವೃತ್ತರು, ಮೈಮೇಲೆ ಅರ್ಧ ತೋಳಿನ ಸ್ವೆಟರು, ಕಿಸೆಯಲ್ಲಿ ಪೆನ್ನು, ಪೆನ್ನಿನ ಪಕ್ಕ ಒಂದು ಸೇಫ್ಟಿ ಪಿನ್ನು. ಪೆನ್ನು ನಂಬರು ಬರೆಯಲಿಕ್ಕೆ, ಪಿನ್ನು ರೀಸೆಟ್ ತೂತಿಗೆ ಚುಚ್ಚಲಿಕ್ಕೆ. ನೌಕರಿ ಯಾವ ಇಲಾಖೆಯಲ್ಲಿತ್ತೆಂದು ಕೇಳಬೇಕಾಗಿಲ್ಲ. ಒಂದು ಕಡತ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವುದೇ ಕೆಲಸವಾಗಿದ್ದ ಯಾವುದೋ ಇಲಾಖೆ. ಪಿಂಚಣಿ ಶುರುವಾದ ಮೇಲೆ ಕೈಗೆ ಕಡತ ಸಿಗಲಿಲ್ಲ, ಮನೆಗೆ ಬಂದ ಫೈಬರ್ ಸಿಕ್ಕಿತು.

ಮೊದಲು ಕಾಕಾ ಎಲ್ಲರಂತೆ ಇದ್ದರು. ಒಂದು ದಿನ ಮಗ ವೈಫೈ ಗೀಸರು ತಂದ. ಅವತ್ತಿನಿಂದ ಕಾಕಾಗೆ ನಿದ್ದೆ ಇಲ್ಲ.

“ಗೀಸರೂ ಅದs ವೈಫೈದಾಗ, ನನ್ನ ಬ್ಯಾಂಕೂ ಅದs ವೈಫೈದಾಗ. ನಾಳೆ ಅದು ನನ್ನ ಖಾತೆ ನೋಡಿತಂದ್ರ?”

“ಗೀಸರ್ ನೋಡಿ ಏನ್ ಮಾಡ್ತೈತ್ರಿ, ಪಿಂಚಣಿ ಕಾಯಸ್ತೈತೇನು?” ಎಂದರು ಕಾಕು.

ನಗಬೇಡಿ, ಕಾಕಾನ ಭಯದಲ್ಲಿ ಹುರುಳಿದೆ. 2016ರಲ್ಲಿ ಮಿರಾಯ್ ಎಂಬ ಹುಳ ಜಗತ್ತಿನ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳೊಳಗೆ ಹೊಕ್ಕಿತು. ಅವುಗಳ ಒಡೆಯರು ಕಾರ್ಖಾನೆ ಇಟ್ಟ ಪಾಸ್‌ವರ್ಡನ್ನೇ ಹಾಗೇ ಬಿಟ್ಟಿದ್ದರು. ಆ ಬಡಪಾಯಿ ಕ್ಯಾಮೆರಾಗಳ ದಂಡು ಕಟ್ಟಿಕೊಂಡು, ಅದೇ ಅಕ್ಟೋಬರಿನಲ್ಲಿ ಅಮೆರಿಕದವರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದಂತೆ ಮಾಡಿತು. ಇದನ್ನು ಕಾಕಾ ವಾಕಿಂಗಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಅದಕ್ಕೇ ಈಗೀಗ ವಾಕಿಂಗಿಗೆ ಬರುವವರು ಕಡಿಮೆ.

ಮದ್ದು ವಿ-ಲ್ಯಾನ್. ಒಂದೇ ತಂತಿಯಲ್ಲಿ ಓಡುವ ಮಾಹಿತಿಯ ಪೊಟ್ಟಣಗಳಿಗೆ ನಾಲ್ಕು ಬೈಟಿನ ಚೀಟಿ ಅಂಟಿಸಿ, ನೀನು ಈ ಗುಂಪು, ನೀನು ಆ ಗುಂಪು ಎಂದು ವಿಂಗಡಿಸುವ ವಿದ್ಯೆ. ಅದರ ಕಟ್ಟಳೆ 802.1ಕ್ಯೂ ಹೊರಬಂದದ್ದು 1998ರಲ್ಲಿ. ಬೆಳಗಾವಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದದ್ದೂ ಅದೇ ವರ್ಷ. ಎರಡೂ ಒಂದೇ ವಾರಗಿಯವು. ಚೀಟಿಯಲ್ಲಿ ಗುಂಪಿನ ನಂಬರಿಗೆ 12 ಬಿಟ್ ಜಾಗ. ತುದಿಯ ಎರಡನ್ನು ಬಿಟ್ಟರೆ 4094 ಗುಂಪು ಮಾಡಬಹುದು.

“4094 ಅದಾವ್ರೀ! ನಾವು ಬಳಸೂದು ಐದs,” ಎನ್ನುವಾಗ ಕಾಕಾನ ದನಿಯಲ್ಲಿ ಉಳಿದ 4089 ದಂಡವಾದ ನೋವಿರುತ್ತದೆ.

ಕಂಪನಿ ಕೊಟ್ಟ ಡಬ್ಬಿ ಸಾಲದೆಂದು ಸ್ವಂತದ್ದೊಂದು ರೂಟರು ಬಂತು, ಜೊತೆಗೆ ಮ್ಯಾನೇಜ್ಡ್ ಸ್ವಿಚ್ಚು. 10ನೇ ನಂಬರಿನ ಗುಂಪು ಕಾಕಾನದು, ಪ್ರಿಂಟರೂ ಅದರಲ್ಲೇ. 20 ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವ ಮಗ-ಸೊಸೆಗೆ. 30 ಟಿವಿಗೆ. 40 ಗೀಸರು, ಕ್ಯಾಮೆರಾ, ಬಲ್ಬುಗಳಿಗೆ. 50 ಬಂದು ಹೋಗುವ ಮಂದಿಗೆ. ಕಾಕುವನ್ನು ಎಲ್ಲಿ ಹಾಕಬೇಕೆಂಬುದು ಬಹಳ ದಿನ ಬಗೆಹರಿಯಲಿಲ್ಲ. ಕಡೆಗೆ ಧಾರಾವಾಹಿಯ ಕಾರಣಕ್ಕೆ 30ಕ್ಕೆ ಹೋದರು.

ಸುದ್ದಿ ಓಣಿ ದಾಟಿತು. “ಮಗ-ಸೊಸಿಗೆ ಬ್ಯಾರೆ ಲೈನ್ ಹಾಕ್ಯಾರಂತ” ಎಂದು ಒಬ್ಬರು ಹೇಳಿದ್ದು, ಹಾಲು ತರಲು ಹೋದವರ ಬಾಯಲ್ಲಿ “ಅವರ ಮನ್ಯಾಗ ವಾಟ್ನಿ ಆತಂತ” ಎಂದಾಯಿತು. ಹಿರಿಯರಿಬ್ಬರು ರಾಜಿ ಮಾಡಿಸಲು ಬಂದರು. ಕಾಕಾ ಅವರಿಗೆ ಚಹಾಕ್ಕಿಂತ ಮೊದಲು 50ರ ಪಾಸ್‌ವರ್ಡ್ ಕೊಟ್ಟರು.

ಪರೀಕ್ಷೆಯ ದಿನ ಬಂದದ್ದು ಪ್ರಿಂಟರಿನ ರೂಪದಲ್ಲಿ. ಸೊಸೆಗೆ ಒಂದು ಹಾಳೆ ಬೇಕಿತ್ತು. ಫೋನಿನಲ್ಲಿ ಪ್ರಿಂಟರೇ ಕಾಣದು. ಮಗನಿಗೂ ಕಾಣದು. ಕಾಕುವಿನ ಫೋನಿನಲ್ಲಂತೂ ಟಿವಿ ಬಿಟ್ಟು ಬೇರೇನೂ ಕಾಣದು. ಎಲ್ಲರೂ ಹಾಳೆಗಾಗಿ ಪೇಟೆಗೆ ಹೊರಟಾಗ ಕಾಕಾನ ಮುಖದಲ್ಲಿ ತೃಪ್ತಿ: “ಭದ್ರ ಐತಿ ಅಂತ ಗೊತ್ತಾತಿಲ್ಲೋ?”

ಅಷ್ಟರಲ್ಲಿ ತಂಗಿಯ ಮಗಳು ಬಂದಳು. ಖಾನಾಪುರದಿಂದ ದಿನಾ ಬಸ್ಸು ಹತ್ತಿ ಬಂದು ಇಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ, ಆದ್ದರಿಂದ 50. ಅವಳು ಪ್ರಿಂಟರ್ ಹುಡುಕಲೇ ಇಲ್ಲ. ಬ್ರೌಸರಿನಲ್ಲಿ 192.168.10.20 ಎಂದು ಒತ್ತಿದಳು. ಕಾಕಾನ ಪ್ರಿಂಟರು ಹಲ್ಲು ಕಿರಿದು ತೆರೆದುಕೊಂಡಿತು.

“ಮಾಮಾ, ವಾಟ್ನಿ ಮಾಡಿ ಅಡ್ಡಗ್ವಾಡಿ ಕಟ್ಟೀರಿ, ಗ್ವಾಡಿಗೆ ಬಾಗಲಾ ಇಟ್ಟೀರಿ, ಬಾಗಲಕ್ಕ ಚಿಲಕಾನs ಹಾಕಿಲ್ಲ.”

ಅವಳ ಮಾತು ಖರೆ. ಪ್ರಿಂಟರ್, ಟಿವಿ ಹುಡುಕುವ ಫೋನು ತನ್ನ ಗುಂಪಿನೊಳಗೆ ಮಾತ್ರ ಕೂಗುತ್ತದೆ. ಆ ಕೂಗು ವಿ-ಲ್ಯಾನ್ ದಾಟುವುದಿಲ್ಲ. ಆದರೆ ವಿಳಾಸ ಗೊತ್ತಿದ್ದವನು ನೇರ ಹೋದರೆ, ರೂಟರೇ ಕೈಹಿಡಿದು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಅದರ ಕೆಲಸವೇ ಅದು. ದಾಟಿಸಬೇಡವೆಂದು ಫೈರ್‌ವಾಲಿನಲ್ಲಿ ಬೇರೆಯೇ ನಿಯಮ ಬರೆಯಬೇಕು. ಕಾಕಾ ಅದನ್ನು ಬರೆದಿರಲಿಲ್ಲ. ಹೀಗಾಗಿ ಅವರ ವ್ಯವಸ್ಥೆ ತಡೆದದ್ದು ಹೆಂಡತಿ, ಮಗ, ಸೊಸೆಯನ್ನು. ಕಳ್ಳನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಆ ರಾತ್ರಿ ಕಾಕಾ ಮಲಗಲಿಲ್ಲ. ಯಾರೂ ಯಾರನ್ನೂ ಮುಟ್ಟಬಾರದೆಂದು ನಿಯಮ ಬರೆದು ಸೇವ್ ಒತ್ತಿದರು. ಆ ‘ಯಾರೂ’ಗಳಲ್ಲಿ ತಾವೂ ಸೇರಿದ್ದೇವೆಂದು ತಿಳಿದದ್ದು ರೂಟರಿನ ಪುಟ ಮತ್ತೆ ತೆರೆಯದಿದ್ದಾಗ. ಕಿಸೆಯ ಪಿನ್ನು ಹೊರಬಂತು. ತಪ್ಪು ಯಾವ ಡಬ್ಬಿಯದೆಂದು ತಿಳಿಯದೆ ಮೂರಕ್ಕೂ ಚುಚ್ಚಿದರು, ಕಂಪನಿಯದಕ್ಕೂ.

ಬೆಳಿಗ್ಗೆ ಇಂಟರ್ನೆಟ್ ಸತ್ತಿತ್ತು. ಕಂಪನಿ ಡಬ್ಬಿಯ ಮೇಲಿನ ಪಾನ್ (PON) ದೀಪ ಹಸಿರಾಗಿಯೇ ಉರಿಯುತ್ತಿತ್ತು, ಏಕೆಂದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಲೇ ಇತ್ತು. ಅಳಿಸಿಹೋದದ್ದು ಕಂಪನಿಯವರೇ ಹಾಕಿಟ್ಟಿದ್ದ ವಿ-ಲ್ಯಾನ್ ನಂಬರು, ಇಂಟರ್ನೆಟ್ಟಿಗೊಂದು, ಫೋನಿಗೊಂದು. ಕಾಕಾ ತಮ್ಮ ಐದನ್ನು ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಕಂಪನಿಯ ನಂಬರನ್ನು ಮಾತ್ರ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಕಂಪನಿಯ ಹುಡುಗ ಬಂದ. ಹೆಲ್ಮೆಟ್ಟು ತೆಗೆಯದೇ ನಂಬರು ತುಂಬಿದ, ಇಡೀ ಮನೆಗೆ ಒಂದೇ ವೈಫೈ ಹೆಸರಿಟ್ಟ, ಹೋದ. ಪ್ರಿಂಟರು ಎಲ್ಲರಿಗೂ ಕಂಡಿತು. ಕಾಕು ಅವತ್ತು ತಮ್ಮ ಫೋನಿನಿಂದ ಬೇಕಿಲ್ಲದ್ದನ್ನೂ ಪ್ರಿಂಟ್ ತೆಗೆದರು.

ಸಂಜೆ ಕಾಕಾ ಮತ್ತೆ ಹಾಳೆಯ ಮೇಲೆ ಗೆರೆ ಎಳೆಯುತ್ತ ಕೂತಿದ್ದರಂತೆ, ಈ ಸಲ ಏಳು ಗುಂಪು. ಅವರನ್ನು ತಡೆಯುವುದು ನಮ್ಮಿಂದಾಗದು. ನೀವು ಮಾತ್ರ ಇಷ್ಟು ಮಾಡಿ: ಗೀಸರು, ಬಲ್ಬು, ಬೀಗರನ್ನು ರೂಟರಿನ ಗೆಸ್ಟ್ ವೈಫೈಗೆ ಸೇರಿಸಿ, ಕ್ಯಾಮೆರಾದ ಹಳೆಯ ಪಾಸ್‌ವರ್ಡ್ ಬದಲಿಸಿ, ಕಾಕಾ ಮನೆಗೆ ಬರುವ ಮುಂಚೆ ಕಂಪನಿಯ ವಿ-ಲ್ಯಾನ್ ನಂಬರನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.