ಟೋಪಿಮೀಮಾಂಸೆ ಅಥವಾ ತೊಂಬತ್ತೆರಡು ಕುಣಿಕೆಗಳ ಸತ್ಯಾಸತ್ಯ ವಿಚಾರ

ಉಣ್ಣೆಯ ಟೋಪಿ ಹೆಣೆದವರು ಶಾಸ್ತ್ರ ಬರೆಯಲಿಲ್ಲ. ಶಾಸ್ತ್ರ ಬರೆದವರು ಟೋಪಿ ಹೆಣೆಯಲಿಲ್ಲ. ಎರಡನೆಯ ಕೊರತೆಯನ್ನು ಹಾಗೆಯೇ ಉಳಿಸಿಕೊಂಡು ಮೊದಲನೆಯದನ್ನು ತುಂಬುವುದು ಈ ಪ್ರಬಂಧದ ಸಂಕಲ್ಪ. ಪದ್ಧತಿಯಂತೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡುತ್ತೇವೆ. ವಿಷಯ: ಹೊಲಿಗೆಯಿಲ್ಲದೆ ಸುತ್ತುಸುತ್ತಾಗಿ ಹೆಣೆದ, ಮೈಮೇಲೆ ಸಾಬಕ್ಕಿಯಂತೆ ಕಾಳುಕಾಳಾಗಿ ಉಬ್ಬಿದ ಸಾದಾ ಟೋಪಿ. ಪ್ರಯೋಜನ: ಕಿವಿ ಬೆಚ್ಚಗಿರುವುದು. ಅಧಿಕಾರಿ: ತಲೆಯುಳ್ಳ ಯಾರೂ ಆಗಬಹುದು. ಸಂಬಂಧ: ತಲೆಗೂ ಟೋಪಿಗೂ ಇರುವುದು, ಅದು ತುಸು ಬಿಗಿಯಾಗಿರಬೇಕು.

ಈ ಕೊನೆಯ ಮಾತನ್ನು ಪಾಮರರು ಒಪ್ಪುವುದಿಲ್ಲ. 56 ಸೆಂಟಿಮೀಟರ್ ಸುತ್ತಳತೆಯ ತಲೆಗೆ 56 ಸೆಂಟಿಮೀಟರ್ ಟೋಪಿಯೇ ನ್ಯಾಯವೆಂದು ಅವರ ವಾದ. ಹಾಗೆ ಹೆಣೆದ ಟೋಪಿ ಮೊದಲ ಗಾಳಿಗೇ ಹೊರಟುಹೋಗುತ್ತದೆ. ಹೆಣಿಗೆ ಹಿಗ್ಗುತ್ತದೆ, ತಲೆ ಹಿಗ್ಗುವುದಿಲ್ಲ (ಪ್ರಶಸ್ತಿ ಪುರಸ್ಕೃತರ ವಿಷಯ ಬೇರೆ). ಆದ್ದರಿಂದ ಟೋಪಿ 51 ಸೆಂಟಿಮೀಟರ್ ಇರತಕ್ಕದ್ದು. ಮಧ್ಯಮ ದಪ್ಪದ ಉಣ್ಣೆಯಲ್ಲಿ 10 ಸೆಂಟಿಮೀಟರಿಗೆ 18 ಕುಣಿಕೆ ಬರುವುದೆಂದರೆ, 51ಕ್ಕೆ ಹತ್ತಿರ ಹತ್ತಿರ 92.

ಸುತ್ತು ಹೆಣಿಗೆಯ ಪ್ರಾಚೀನತೆಗೆ ಪ್ರಮಾಣ ಕೇಳುವವರು ಹ್ಯಾಂಬುರ್ಗ್ ನಗರದ ಕಲಾಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿರುವ, ಸುಮಾರು 1400ರ ಕಾಲದ ಬುಕ್ಸ್ಟೆಹುಡೆ ಬಲಿಪೀಠದ ಚಿತ್ರವೊಂದರಲ್ಲಿ ಮೇರಿ ಮಾತೆ ಮಗುವಿನ ಅಂಗಿಯನ್ನು ಕಡ್ಡಿಗಳ ಮೇಲೆ ಸುತ್ತಾಗಿ ಹೆಣೆಯುತ್ತಿದ್ದಾಳೆ. ದೇವದೂತರೇ ಬಂದು ನಿಂತಿದ್ದಾರೆ. ಆದರೂ ಆಕೆ ಹೆಣಿಗೆಯನ್ನು ಕೆಳಗಿಟ್ಟಿಲ್ಲ. ಯಾರೇ ಬರಲಿ, ಸುತ್ತಿನ ನಡುವೆ ನಿಲ್ಲಿಸಬಾರದೆಂಬ ನಿಯಮಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಶಬ್ದಪ್ರಮಾಣವೇ ಬೇಕೆನ್ನುವವರಿಗೆ ಇಂಗ್ಲೆಂಡಿನ 1571ರ ಕಾಯಿದೆ ಇದೆ. ಆರು ವರ್ಷ ದಾಟಿದವರು ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಆ ದೇಶದಲ್ಲೇ ತಯಾರಾದ ಉಣ್ಣೆಯ ಹೆಣಿಗೆ ಟೋಪಿ ಧರಿಸಬೇಕು. ತಪ್ಪಿದರೆ ದಿನಕ್ಕೆ 3 ಶಿಲಿಂಗ್ 4 ಪೆನ್ಸ್ ದಂಡ. ಶ್ರೀಮಂತ ಪ್ರಭುಗಳಿಗೂ ಕುಲೀನ ಸ್ತ್ರೀಯರಿಗೂ ವಿನಾಯಿತಿ. ದೊಡ್ಡವರ ತಲೆಗೆ ಚಳಿ ತಾಗುವುದಿಲ್ಲವೆಂದು ಪಾರ್ಲಿಮೆಂಟು ಕಂಡುಕೊಂಡಿತ್ತು ಎಂದಾಯಿತು. ಉದ್ದೇಶ ಟೋಪಿಗಾರರ ಹೊಟ್ಟೆಪಾಡೇ ಹೊರತು ಪ್ರಜೆಗಳ ಕಿವಿಯಲ್ಲ. 1597ರಲ್ಲಿ ಕಾಯಿದೆ ರದ್ದಾಯಿತು. ಟೋಪಿ ಧರಿಸುವುದು ವಿಧಿಯೋ ರಾಗಪ್ರಾಪ್ತವೋ ಎಂಬ ಮೀಮಾಂಸಕರ ಪ್ರಶ್ನೆಗೆ ಹೀಗೆ ಖಚಿತ ಉತ್ತರವಿದೆ: 26 ವರ್ಷ ವಿಧಿ, ಆಮೇಲೆ ರಾಗಪ್ರಾಪ್ತ.

ಇನ್ನು ತತ್ತ್ವಕ್ಕೆ ಬರೋಣ. 40 ಸೆಂಟಿಮೀಟರಿನ ಸುತ್ತುಕಡ್ಡಿಯ ಮೇಲೆ 92 ಕುಣಿಕೆ ಹಾಕಿ, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿದಾಗ ಪೂರ್ವಪಕ್ಷಿ ಚಪ್ಪಾಳೆ ತಟ್ಟಿ, ‘ನೋಡಿ, ವೃತ್ತ ಪೂರ್ಣವಾಯಿತು’ ಎನ್ನುತ್ತಾನೆ. ಪಾಪ. ಒಂದು ಸುತ್ತು ಮುಗಿದಾಗ ಕಡ್ಡಿ ತಾನು ಹೊರಟ ಕುಣಿಕೆಗೆ ಮರಳುವುದಿಲ್ಲ. ಅದರ ತಲೆಯ ಮೇಲೆ ಹತ್ತಿ ಕೂರುತ್ತದೆ. ಎರಡನೆಯ ಸುತ್ತು ಮೊದಲನೆಯದರ ಮುಂದುವರಿಕೆ, ಮೂರನೆಯದು ಎರಡನೆಯದರದು. ಇಡೀ ಟೋಪಿಯಲ್ಲಿ ಒಂದೇ ಒಂದು ವೃತ್ತವೂ ಇಲ್ಲ. ಇರುವುದು ಬುಡದಿಂದ ನೆತ್ತಿಯವರೆಗೆ ಏರಿದ ಒಂದೇ ಸುರುಳಿ. ಸಂಶಯವಿದ್ದವರು ನೂಲಿನ ಬಣ್ಣ ಬದಲಿಸಿ ನೋಡಲಿ: ಪಟ್ಟೆಯ ಮೊದಲೂ ಕೊನೆಯೂ ಕೂಡುವಲ್ಲಿ ಒಂದು ಮೆಟ್ಟಿಲು ಎದ್ದು ನಿಲ್ಲುತ್ತದೆ. ಹಾಗಾದರೆ ಸುತ್ತು ಎಣಿಸುವುದು ಹೇಗೆ? ಕಡ್ಡಿಗೆ ಒಂದು ಕೆಂಪು ಪ್ಲಾಸ್ಟಿಕ್ ಬಳೆ ತೊಡಿಸಿ, ‘ಸುತ್ತು ಇಲ್ಲಿ ಶುರು’ ಎಂದು ನಂಬುವುದು. ವೃತ್ತ ವ್ಯಾವಹಾರಿಕ ಸತ್ಯ, ಸುರುಳಿ ಪಾರಮಾರ್ಥಿಕ ಸತ್ಯ, ಆ ಬಳೆ ಮಾಯೆ.

ಚಪ್ಪಟೆಯಾಗಿ ಹೆಣೆದು ಕೊನೆಗೆ ಅಂಚುಗಳನ್ನು ಹೊಲಿಯುವ ದ್ವೈತಿಗಳ ಪಾಡು ಬೇರೆ. ಒಂದು ಸಾಲು ಸೀದಾ, ತಿರುಗಿಸಿ ಒಂದು ಸಾಲು ಉಲ್ಟಾ ಹೆಣೆದರೇ ಅವರಿಗೆ ನುಣುಪು ಮೈ. ಸುತ್ತಿನಲ್ಲಿ ಹೆಣೆಯುವವರಿಗೆ ಬಟ್ಟೆಯ ಮುಖ ಸದಾ ಎದುರಿಗೇ ಇರುವುದರಿಂದ ಸೀದಾ ಒಂದೇ ಸಾಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಆಚಾರ್ಯೆ ಈ ಪಕ್ಷದವರು. 1971ರ ‘ನಿಟಿಂಗ್ ವಿದೌಟ್ ಟಿಯರ್ಸ್’ ಅವರ ಮುಖ್ಯ ಗ್ರಂಥ. ಉಲ್ಟಾ ತಪ್ಪಿಸುವುದಕ್ಕೆ ಗ್ರಂಥವನ್ನೇ ಬರೆಯಬಹುದೆಂದು ಅವರಿಂದ ಕಲಿತೆವು.

ಸೇರಿಸುವಾಗ ಕುಣಿಕೆಗಳ ಸಾಲು ಕಡ್ಡಿಯ ಮೇಲೆ ತಿರುಚಿಕೊಂಡರೆ ಟೋಪಿ ಜನ್ಮದಲ್ಲಿ ಸರಿಹೋಗುವುದಿಲ್ಲ, ಬಿಚ್ಚಬೇಕು. ಅರೆಪಂಡಿತರು ಇದಕ್ಕೆ ಮೋಬಿಯಸ್ ಪಟ್ಟಿ ಎಂದು ಹೆಸರಿಟ್ಟು ಆ ಗಣಿತಜ್ಞನನ್ನು ಬೈಯುತ್ತಾರೆ. ಇದು ಘೋರ ಅನ್ಯಾಯ. 1858ರಲ್ಲಿ ಆತ ವಿವರಿಸಿದ ಪಟ್ಟಿಗೆ ಅರ್ಧ ತಿರುಚು. ಅದಕ್ಕೆ ಒಂದೇ ಮುಖ, ಒಂದೇ ಅಂಚು. ಕಡ್ಡಿಯ ಮೇಲೆ ಆಗುವ ತಿರುಚು ಇಡೀ ಸುತ್ತಿನದು. ಎರಡು ಮುಖ, ಎರಡು ಅಂಚು ಹಾಗೇ ಉಳಿಯುತ್ತವೆ. ಮೋಬಿಯಸ್ ನಿರ್ದೋಷಿ, ಪೆದ್ದುತನ ನಮ್ಮದೇ.

ಬುಡದ 5 ಸೆಂಟಿಮೀಟರ್ ಬಾರ್ಡರ್. ಎರಡು ಸೀದಾ, ಎರಡು ಉಲ್ಟಾ. 92 ನಾಲ್ಕರಿಂದ ಭಾಗವಾಗುವುದರಿಂದ ಇಲ್ಲಿ ವಿವಾದವಿಲ್ಲ. ವಿವಾದ ಕಾಳುಹೆಣಿಗೆಯಲ್ಲಿದೆ. ಒಂದು ಸೀದಾ, ಒಂದು ಉಲ್ಟಾ ಎಂದು 92ರ ಮೇಲೆ ಹೆಣೆಯುತ್ತ ಹೋದರೆ ಪ್ರತಿ ಸುತ್ತಿನಲ್ಲೂ ಸೀದಾದ ಮೇಲೆ ಸೀದಾ ಬಿದ್ದು, ಕಾಳಿನ ಬದಲು ಗೆರೆಗಳೇಳುತ್ತವೆ. ನೂರಾರು ಕುಣಿಕೆ ಹೆಣೆದ ಮೇಲೆ ಈ ಜ್ಞಾನೋದಯವಾದರೆ ಪ್ರಯೋಜನವಿಲ್ಲ. ಪರಿಹಾರವೇನು? ನಮ್ಮ ದೊಡ್ಡಮ್ಮನನ್ನು ಕೇಳಿದೆವು. ಟಿ.ವಿ. ಧಾರಾವಾಹಿಯಿಂದ ಕಣ್ಣು ಕೀಳದೆ ಅವರು, ‘ಒಂದು ಮನೆ ಕಮ್ಮಿ ಮಾಡ್ಕೊಳ್ಳೋ, ಬೆಸ ಆಗ್ಲಿ. ವೃತ್ತನೋ ಸುರುಳಿನೋ, ನೀನು ಸ್ವಲ್ಪ ಬಾಯಿ ಮುಚ್ಚಿದ್ರೆ ನನ್ನ ಎಣಿಕೆ ಉಳಿಯುತ್ತೆ’ ಎಂದರು.

ಇದನ್ನು ಆಪ್ತವಾಕ್ಯವೆಂದು ಗ್ರಹಿಸತಕ್ಕದ್ದು. ಯುಕ್ತಿ ನಮ್ಮದು: ಎರಡು ಕುಣಿಕೆ ಕೂಡಿಸಿ ಒಂದಾಗಿ ಹೆಣೆದರೆ 92 ಹೋಗಿ 91 ಆಗುತ್ತದೆ. ಈಗ ಸುತ್ತಿನ ಕೊನೆಯ ಕುಣಿಕೆ ಸೀದಾ, ಮುಂದಿನದು ಉಲ್ಟಾ. ಆ ಉಲ್ಟಾ ಬೀಳುವುದು ಹಿಂದಿನ ಸುತ್ತಿನ ಮೊದಲ ಸೀದಾದ ಮೇಲೆ. ಕಾಳು ತಾನಾಗಿ ಮೂಡುತ್ತದೆ. ಸುತ್ತು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಯಾರೂ ಕೇಳಬೇಕಾಗಿಲ್ಲ. ಕೆಂಪು ಬಳೆಯನ್ನು ಕಿತ್ತೆಸೆಯಬಹುದು. ಒಂದೇ ಒಂದು ಕುಣಿಕೆಯ ಬಲಿಯಿಂದ ಮಾಯೆ ಹರಿದು ಸುರುಳಿವಾದ ಗೆದ್ದಿತು! (ನೆತ್ತಿಯ ಇಳಿಕೆಗೆ ಬಳೆ ಮತ್ತೆ ಬೇಕಾಗುತ್ತದೆ, ಹಾಸಿಗೆಯ ಕೆಳಗೆ ಹುಡುಕಿ.)

ಒಟ್ಟು 16 ಸೆಂಟಿಮೀಟರ್ ಎತ್ತರವಾದ ಮೇಲೆ ಇಳಿಕೆ. ಇನ್ನೂ ಮೂರು ಕುಣಿಕೆ ಕಳೆದು 88 ಮಾಡಿ, ಹನ್ನೊಂದರಂತೆ ಎಂಟು ಪಾಲು. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಪಾಲಿಗೆ ಒಂದೊಂದು ಕಳೆಯುತ್ತ ಹೋದರೆ ಎಂಟು ಕುಣಿಕೆ ಉಳಿಯುತ್ತವೆ. ಕುಣಿಕೆ ಕಡಿಮೆಯಾದಂತೆ ಸುತ್ತುಕಡ್ಡಿ ಉದ್ದವಾಗುವುದರಿಂದ, ಎರಡೂ ಕಡೆ ಮೊನೆಯಿರುವ ಐದು ಗಿಡ್ಡ ಕಡ್ಡಿಗಳಿಗೆ ಬದಲಾಯಿಸಬೇಕು. ಆಗ ಹೆಣೆಯುವವರು ಮುಳ್ಳುಹಂದಿಯೊಡನೆ ಸೆಣಸುತ್ತಿರುವುದಾಗಿ ನೋಡುವವರಿಗೆ ತೋರಿದರೆ ಅದು ದೃಷ್ಟಿದೋಷವಲ್ಲ. ನೂಲು ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ ಎಂಟರೊಳಗೂ ತೂರಿಸಿ ಎಳೆದರೆ ನೆತ್ತಿ ಮುಚ್ಚುತ್ತದೆ.

ಉಳಿದದ್ದು ಗೊಂಡೆಯ ಪ್ರಶ್ನೆ. ವೇಲ್ಸಿನ ಮಾನ್ಮತ್ ಊರಿನಲ್ಲಿ ಉಳಿದುಬಂದಿರುವ ಹದಿನಾರನೆಯ ಶತಮಾನದ ಟೋಪಿಯ ನೆತ್ತಿಯಲ್ಲಿ ಗೊಂಡೆಯಿಲ್ಲ, ಪುಟ್ಟ ಗುಂಡಿಯಿದೆ. ಇದನ್ನು ಹಿಡಿದು ಶುದ್ಧಾಚಾರಿಗಳು ಗೊಂಡೆ ಅವೈದಿಕವೆನ್ನುತ್ತಾರೆ. ಆದರೆ ಟೋಪಿ ಮುಗಿದ ಮೇಲೆ ಉಂಡೆಯಲ್ಲಿ ಉಳಿಯುವ ನೂಲು ಇನ್ನೊಂದು ಟೋಪಿಗೆ ಸಾಲದು, ಬಿಸಾಡಲು ಮನಸ್ಸು ಬಾರದು. ಗೊಂಡೆಗೆ ಇದೇ ಕಾರಣ, ಬೇರೆ ಶ್ರುತಿ ಬೇಕಿಲ್ಲ. ಮಕ್ಕಳು ಅದನ್ನು ಮೊದಲ ವಾರವೇ ಕಿತ್ತುಹಾಕುವುದರಿಂದ ಹೊಲಿಯುವಾಗ ಒಳಗಡೆಯಿಂದ ಎರಡು ಗಂಟು ಹಾಕತಕ್ಕದ್ದು.