ಹತ್ತು ಬೆರಳಿನ ಅನುಭವ

ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಕಳೆದೂ ಹತ್ತು ಬೆರಳು ಉಳಿಸಿಕೊಂಡವನು ಎಂಬ ಒಂದೇ ಅರ್ಹತೆಯ ಮೇಲೆ ಸುರಕ್ಷತೆಯ ಬಗ್ಗೆ ಮಾತಾಡಲು ನನ್ನನ್ನು ಕರೆಯುತ್ತಾರೆ.

ಮೊದಲು ಫ್ಯೂಮ್ ಕಬೋರ್ಡ್. ವಿಷಾನಿಲವನ್ನು ಹೊರಗೆಳೆದು ಬಿಡಲೆಂದು ಕಟ್ಟಿದ, ಗಾಜಿನ ಬಾಗಿಲಿನ ಗೂಡು ಇದು. ನಮ್ಮದರಲ್ಲಿ ಹಳೆಯ ಪ್ರಾಕ್ಟಿಕಲ್ ರೆಕಾರ್ಡುಗಳಿವೆ. ಇಂದಿಗೂ ಒಂದಕ್ಕೂ ಗೆದ್ದಲು ಹಿಡಿದಿಲ್ಲ. ಗೂಡು ಸರಿಯಾಗಿದೆ ಎನ್ನಲು ಬೇರೆ ಪುರಾವೆ ಬೇಕೆ? ಹೈಡ್ರೋಜನ್ ಸಲ್ಫೈಡ್ ತಯಾರಿಸುವ ಕಿಪ್ಸ್ ಉಪಕರಣ ಮಾತ್ರ ಕಾರಿಡಾರಿನ ಬಾಗಿಲಲ್ಲಿದೆ. ಅದರಿಂದ ಪಕ್ಕದ ಕಾಮರ್ಸ್ ಮಕ್ಕಳಿಗೂ ವಿಜ್ಞಾನದ ಪರಿಚಯವಾಗುತ್ತದೆ.

ಈ ಅನಿಲದ ಪತ್ತೆಗೆ ಮೂಗೊಂದಿದ್ದರೆ ಸಾಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅನಿಲವಿದೆ. ವಾಸನೆ ನಿಂತರೆ ಒಂದೋ ಅನಿಲ ಹೋಗಿದೆ, ಇಲ್ಲವೇ ಹತ್ತು ಲಕ್ಷಕ್ಕೆ ನೂರು ಭಾಗ ದಾಟಿ ಮೂಗೇ ಕೆಲಸ ಬಿಟ್ಟಿದೆ. ಯಾವುದೆಂದು ಗುರುತಿಸುವುದು ಸಿಲೆಬಸ್ಸಿನಲ್ಲಿಲ್ಲ.

ಪಿಪೆಟ್ಟನ್ನು ಬಾಯಲ್ಲಿ ಎಳೆಯಬಾರದು, ರಬ್ಬರ್ ಬಲ್ಬ್ ಬಳಸಬೇಕು. ನಮ್ಮಲ್ಲೂ ಬಲ್ಬ್ ಇದೆ, ಒಂದು. ಸ್ಟಾಕ್ ರಿಜಿಸ್ಟರಿನಲ್ಲಿ ಏರಿದ ವಸ್ತುವಾದ್ದರಿಂದ ಬೀರುವಿನಲ್ಲಿ ಭದ್ರವಾಗಿದೆ. ಹೀಗಾಗಿ ಆಕ್ಸಾಲಿಕ್ ಆಸಿಡ್ಡಿನ ರುಚಿ ಹುಡುಗರಿಗೆ ಗೊತ್ತು. ಇದಕ್ಕೆ ಪರಂಪರೆಯೂ ಇದೆ: ಸ್ವೀಡನ್ನಿನ ಮಹಾ ರಸಾಯನಜ್ಞ ಶೀಲೆಗೆ ತಯಾರಿಸಿದ್ದನ್ನು ನಾಲಗೆಗೆ ತಾಗಿಸಿ ನೋಡುವ ಅಭ್ಯಾಸವಿತ್ತು, ಹೈಡ್ರೋಜನ್ ಸಯನೈಡನ್ನೂ ಬಿಟ್ಟಿರಲಿಲ್ಲ. 1786ರಲ್ಲಿ ತೀರಿಕೊಂಡಾಗ ಅವನಿಗೆ 43 ವರ್ಷ. ಪಿಂಚಣಿಯ ಹೊರೆ ಯಾರಿಗೂ ಬೀಳಲಿಲ್ಲ.

ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ ಎಂಬುದು ಎಲ್ಲರಿಗೂ ಬಾಯಿಪಾಠ. ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಮೇಲೆ ಸುರಿದ ನೀರು ಅಲ್ಲೇ ನಿಂತು, ಕುದಿದು, ಆಸಿಡ್ಡನ್ನೂ ಹೊತ್ತು ಮುಖಕ್ಕೆ ಸಿಡಿಯುತ್ತದೆ. "ಯಾಕೆ ಸಾರ್?" ಎಂದು ಕೇಳಿದವನು ಒಬ್ಬನೇ. ಅಧಿಕಪ್ರಸಂಗಕ್ಕೆ ಅವನನ್ನು ಹೊರಗೆ ನಿಲ್ಲಿಸಿದೆ. ಆ ದಿನ ಏಪ್ರನ್ನಿಗೆ ತೂತು ಬೀಳದೆ ಮನೆಗೆ ಹೋದವನೂ ಅವನೊಬ್ಬನೇ.

ತಪಾಸಣಾ ಸಮಿತಿ ಬಂದಾಗ ಪಕ್ಕದೂರಿನ ಕಾಲೇಜು ನಮಗೆ ಕನ್ನಡಕಗಳನ್ನು ಕಳಿಸುತ್ತದೆ. ಅಲ್ಲಿಗೆ ಬಂದಾಗ ನಾವು ಬೆಂಕಿ ಆರಿಸುವ ಸಿಲಿಂಡರ್ ಕಳಿಸುತ್ತೇವೆ. ಈಗ ಅದು ಅಲ್ಲಿದೆ. ನಾಳೆ ನಮ್ಮಲ್ಲಿ ಸೋಡಿಯಂ ಪ್ರಯೋಗ. ಗಾಬರಿಯೇನಿಲ್ಲ, ಸೋಡಿಯಂ ಬೆಂಕಿಗೆ ಬೇಕಾದ್ದು ಒಣ ಮರಳು. ಮರಳಿನ ಕೆಂಪು ಬಕೆಟ್ ಜಾಗದಲ್ಲೇ ಇದೆ. ಅದರಲ್ಲಿ ನಮ್ಮ ಅಟೆಂಡರ್ ತುಳಸಿ ನೆಟ್ಟಿದ್ದಾರೆ; ಎರಡು ಹೊತ್ತೂ ತಪ್ಪದೆ ನೀರು ಹಾಕುತ್ತಾರೆ.