ಮೂಗಿನ ರಕ್ತಕ್ಕೆ ಉಳ್ಳಾಗಡ್ಡಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಯಾರು ಅತ್ತರು ಎಂಬುದು ಸುಲಭಕ್ಕೆ ಗೊತ್ತಾಗುವುದಿಲ್ಲ. ನಮ್ಮ ಮಂದಿ ಗಟ್ಟಿ ಎದೆಯವರು ಅಂತಲ್ಲ. ಮಗ್ಗದ ಸದ್ದು ಹಾಗೆ. ಬೆಳಗಿನಿಂದ ಪಾವರ್‌ಲೂಮುಗಳು ಖಟಾಖಟ್ ಬಡಿಯುತ್ತಿದ್ದರೆ, ಒಳಕೋಣೆಯಲ್ಲಿ ಕೂತು ಎಷ್ಟು ಅತ್ತರೂ ಅದು ಲಾಳಿಯ ಲೆಕ್ಕಕ್ಕೇ ಸೇರಿಹೋಗುತ್ತದೆ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಓಣಿಗೆ ಓಣಿಯೇ ಬಾಯಿ ಮುಚ್ಚಿತು. ಆ ಮೌನದಲ್ಲಿ ನಮ್ಮ ಪಡಸಾಲೆಯಿಂದ ಬಿಕ್ಕುವ ಸದ್ದು ಕೇಳಿ, ಉಣ್ಣುತ್ತಿದ್ದ ತಾಟು ಬಿಟ್ಟು ಓಡಿದೆ. ದೊಡ್ಡವ್ವ, ವೈನಿ, ಎದುರು ಮನೆಯ ಕಾಲೇಜು ಹುಡುಗಿ ಮೂವರೂ ಕಂಡಿಕೆ ಸುತ್ತುವ ರಾಟಿಯ ಮುಂದೆ ಸೆರಗು, ದುಪಟ್ಟಾ ಮೂಗಿಗೆ ಹಿಡಿದು ಕೂತಿದ್ದರು.

“ಯಾರು ಹೋದ್ರವ್ವಾ?” ಎಂದೆ.

“ಇನ್ನೂ ಹೋಗಿಲ್ಲ. ನಾಕು ಎಪಿಸೋಡ್ ಐತಿ” ಎಂದಳು ದೊಡ್ಡವ್ವ.

ನೂಲಿನ ಉಂಡೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಕೊರಿಯಾದ ಹುಡುಗಿಯೊಬ್ಬಳು ಕೈಯಲ್ಲಿ ಆಸ್ಪತ್ರೆಯ ಕಾಗದ ಹಿಡಿದು ಮಳೆಯಲ್ಲಿ ನಿಂತಿದ್ದಳು. ದೊಡ್ಡವ್ವ ಆಗಲೇ ಆಕೆಯ ಹೆಸರಿನಲ್ಲಿ ಕಾಡಸಿದ್ಧೇಶ್ವರನಿಗೆ ಕಾಯಿ ಬೇಡಿಕೊಂಡಿದ್ದಳು. ಗೋತ್ರ, ನಕ್ಷತ್ರ ಪೂಜಾರಿ ಕೇಳಿದರೆ ಏನು ಹೇಳುತ್ತಾಳೋ ನನಗೆ ತಿಳಿಯದು.

ಈ ಹುಚ್ಚು ನಮ್ಮ ಮನೆಗೆ ಹೇಗೆ ಬಂತೆಂದು ಹೇಳುವುದು ಕಷ್ಟ. ಕೆಲವು ನಾಟಕ ಹಿಂದಿ ಮಾತಿನಲ್ಲಿ ಬರುತ್ತವೆ. ಉಳಿದವಕ್ಕೆ ಕೆಳಗಿನ ಇಂಗ್ಲಿಷ್ ಸಾಲು ಓದಿ ಎದುರು ಮನೆಯ ಹುಡುಗಿ ಅರ್ಥ ಹೇಳುತ್ತಾಳೆ. ಆದರೆ ಪರಭಾಷೆ ನಮಗೆಂದೂ ತೊಡಕಾಗಿಲ್ಲ. ಜಮಖಂಡಿ ಸಂಸ್ಥಾನ 1948ರಲ್ಲಿ ವಿಲೀನವಾಗುವ ಹೊತ್ತಿಗೆ ನಮ್ಮಪ್ಪ ಮರಾಠಿ ಸಾಲೆಯಲ್ಲಿ ಎರಡನೇ ಇಯತ್ತೆ ಮುಗಿಸಿದ್ದ. ಮುಂದೆ ಇಚಲಕರಂಜಿಯ ನೂಲಿನ ಸಾವಕಾರರ ಜೊತೆ ಆ ಬಂಡವಾಳದಲ್ಲೇ ಜಗಳಾಡುತ್ತಿದ್ದ. ಇನ್ನು ಕೊರಿಯನ್ನರೋ, ತಾಯಿಗೆ ‘ಓಮ್ಮಾ’ ಅನ್ನುತ್ತಾರೆ, ತಂದೆಗೆ ‘ಆಪ್ಪಾ’ ಅನ್ನುತ್ತಾರೆ, ಸಂಕಟ ಬಂದರೆ ‘ಆಯಿಗೋ’ ಎಂದು ನೆಲ ಬಡಿಯುತ್ತಾರೆ. ಎದುರು ಬಂದವರನ್ನು ‘ಊಟಾ ಆತ?’ ಎಂದೇ ಮಾತಾಡಿಸುತ್ತಾರೆ. ದೊಡ್ಡವ್ವನ ತೀರ್ಮಾನ ಸರಳವಾಗಿತ್ತು: “ನಮ್ಮ ಪೈಕೀನs. ಯಾವಾಗೋ ದುಡಿಯಾಕ ಹೋದವರು ಅಲ್ಲೇ ಉಳದಾರ.”

ಆ ನಾಟಕಗಳ ಜಡ್ಡಿಗೊಂದು ಪದ್ಧತಿಯಿದೆ. ಮೊದಲು ನೆಗಡಿಯಿಲ್ಲದೆ ಕೆಮ್ಮು, ಆಮೇಲೆ ತಲೆ ಹಿಡಿದುಕೊಳ್ಳುವುದು, ಕೊನೆಗೆ ಬಿಳಿ ಅಂಗಿಯ ಮೇಲೆ ಮೂಗಿನಿಂದ ಬೀಳುವ ಒಂದು ಹನಿ ರಕ್ತ. ಹನಿ ಬಿತ್ತೆಂದರೆ ವೈನಿ ‘ಮುಗೀತು’ ಎಂದು ರಾಟಿ ನಿಲ್ಲಿಸುತ್ತಾಳೆ. ದೊಡ್ಡವ್ವ ಮಾತ್ರ ಒಪ್ಪುವುದಿಲ್ಲ. “ಬ್ಯಾಸಿಗ್ಯಾಗ ನಮ್ಮ ಓಣ್ಯಾಗ ಯಾರ ಮೂಗಿನ್ಯಾಗ ರಕ್ತ ಬರೂದಿಲ್ಲ? ಒಂದು ಉಳ್ಳಾಗಡ್ಡಿ ಒಡದು ಮೂಸಿದ್ರ ನಿಲ್ಲತೈತಿ. ಅಷ್ಟಕ್ಕ ಸಾಯಬೇಕೇನು?” ಇಪ್ಪತ್ತೈದು ವರ್ಷಗಳ ಕೊರಿಯನ್ ದುಃಖಕ್ಕೆ ಇಷ್ಟು ಅಗ್ಗದ ಔಷಧವನ್ನು ಯಾವ ಡಾಕ್ಟರನೂ ಬರೆದುಕೊಟ್ಟಿರಲಿಲ್ಲ. 2000ರಲ್ಲಿ ಬಂದ ‘ಆಟಮ್ ಇನ್ ಮೈ ಹಾರ್ಟ್’ನಲ್ಲಿ ಹುಟ್ಟಿದ ಆಸ್ಪತ್ರೆಯಲ್ಲೇ ಅದಲುಬದಲಾದ ಹುಡುಗಿಗೆ ರಕ್ತದ ಕ್ಯಾನ್ಸರು, 2024ರ ‘ಕ್ವೀನ್ ಆಫ್ ಟಿಯರ್ಸ್’ನಲ್ಲಿ ಕೋಟ್ಯಧೀಶೆಗೆ ಮೆದುಳಿನ ಗಡ್ಡೆ. ಬಡವರಿಗೂ ಶ್ರೀಮಂತರಿಗೂ ಭೇದ ಮಾಡದ ಸಮಾಜವಾದ ಅಲ್ಲಿ ಜಡ್ಡಿನ ವಿಷಯದಲ್ಲಾದರೂ ಜಾರಿಯಲ್ಲಿದೆ.

ಜಮಖಂಡಿಯ ನಮ್ಮ ಕಾಕಾನದು ಬೇರೆ ತಕರಾರು. ಅವನು ಇಂಥದ್ದನ್ನೆಲ್ಲ ನೋಡುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದಾನೆ. ಕಬ್ಬಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿ ಕೊಡುವ ವಾರದಲ್ಲಿ ಹೊಲದ ಪಂಪ್‌ಸೆಟ್ಟಿನ ಕೋಣೆಯಲ್ಲಿ ಒಬ್ಬನೇ ಕೂತು ನೋಡುತ್ತಾನೆ. ಮರುದಿನ ಕಣ್ಣು ಕೆಂಪಗಿದ್ದರೆ ನಿದ್ದೆಗೆಟ್ಟಿದ್ದು ಎನ್ನಬಹುದು. “ಅಲ್ಲಪ್ಪ, ಡಾಕ್ಟರ್ ರಿಪೋರ್ಟ್ ಹೇಳೂಮುಂದ ಆ ಹುಡುಗಿ ಒಬ್ಬಾಕೀನs ಕುಂತಿರತಾಳ. ಮಂದಿ ಎಲ್ಲಿ? ನಮ್ಮಲ್ಲಿ ಆಗಿದ್ರ ಒಂದು ಟೆಂಪೋ ತುಂಬ ಹೋಗಿರತಿದ್ವಿ!” ಎಂದು ನನ್ನನ್ನೇ ಬೈದ. ಅದು ನಿಜ. ನಮ್ಮಲ್ಲಿ ರೋಗಿಯೊಬ್ಬನನ್ನು ಬಿಟ್ಟು ಟೆಂಪೋದಲ್ಲಿದ್ದವರಿಗೆಲ್ಲ ರೋಗ ಯಾವುದೆಂದು ಗೊತ್ತಿರುತ್ತದೆ.

ಅಳುವುದನ್ನು ಮಾತ್ರ ನಮಗೆ ಕೊರಿಯಾ ಕಲಿಸಬೇಕಾಗಿಲ್ಲ. ಸತ್ತವರ ಮುಂದೆ ಕೂತು ಅವರ ಗುಣಗಳನ್ನು ಹಾಡ್ಯಾಡಿ ಅಳುವ ಹೆಂಗಸರು ನಮ್ಮ ಸೀಮೆಯವರು. ಹಸನ್ ಹುಸೇನರಿಗಾಗಿ ಮೊಹರಮ್ಮಿನ ರಿವಾಯತ್ ಪದ ಹಾಡಿ ಕಣ್ಣು ಒರೆಸಿಕೊಳ್ಳುವುದರಲ್ಲಿ ಇಲ್ಲಿ ಜಾತಿ ಧರ್ಮ ಅಡ್ಡ ಬಂದಿಲ್ಲ. ಜಪಾನಿನಿಂದ ಬಂದ ‘ಶಿನ್ಪಾ’ ಎಂಬ ಕಣ್ಣೀರಿನ ರಂಗಭೂಮಿ ಕೊರಿಯಾದಲ್ಲಿ ಬೇರು ಬಿಟ್ಟ ಕಾಲಕ್ಕೇ ಇಲ್ಲಿ ಕಂಪನಿ ನಾಟಕಗಳು ಊರೂರು ತಿರುಗುತ್ತಿದ್ದವು. ನಮ್ಮ ಜಿಲ್ಲೆಯವರೇ ಆದ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನೋಡಿ ಅತ್ತವರ ಮೊಮ್ಮಕ್ಕಳೇ ಈಗ ಮೊಬೈಲಿನ ಮುಂದೆ ಕೂತಿದ್ದಾರೆ.

ಇನ್ನೂ ಹಿಂದಕ್ಕೆ ಹೋದರೆ ಮುಧೋಳದ ರನ್ನನಿದ್ದಾನೆ. ಬಳೆಗಾರರ ಮನೆಯ ಈ ಹುಡುಗ ಹತ್ತನೆಯ ಶತಮಾನದಲ್ಲಿ ‘ಗದಾಯುದ್ಧ’ ಬರೆದ. ಅದರಲ್ಲಿ ಭೀಮನ ಗದೆಗಿಂತ ನನ್ನನ್ನು ಹಿಡಿಯುವುದು ದುರ್ಯೋಧನನ ನಡಿಗೆ. ಸಂಜಯನೊಡನೆ ರಣರಂಗದಲ್ಲಿ ಹೋಗುವಾಗ ಒಂದೊಂದೇ ಹೆಣ ಎದುರಾಗುತ್ತದೆ: ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಎಲ್ಲರೂ ತನ್ನ ಹಟಕ್ಕಾಗಿ ಸತ್ತವರು. ಬದುಕಿದ್ದಾಗ ಆಡಬೇಕಾದ ಮಾತನ್ನೆಲ್ಲ ಆತ ಹೆಣಗಳ ಮುಂದೆ ಆಡುತ್ತಾನೆ. ಮುಧೋಳಕ್ಕೆ ಕೊಟ್ಟ ನನ್ನ ತಂಗಿ ಅಲ್ಲಿ ಕನ್ನಡ ಕಲಿಸುತ್ತಾಳೆ. “ಹದಿನಾರು ಎಪಿಸೋಡ್ ಮಾಡಿದ್ರ ಇದೂ ಕೊರಿಯನ್ ಡ್ರಾಮಾನs ಅಣ್ಣಾ” ಎಂದು ಆಕೆ ಅಂದಾಗ ವಿಮರ್ಶಕರು ಯಾರೂ ಹತ್ತಿರದಲ್ಲಿರಲಿಲ್ಲ, ಪುಣ್ಯ.

ವರಸೆಯಲ್ಲಿ ಅಕ್ಕನಾಗುವ ಬೀಳಗಿಯವಳದು ಮತ್ತೊಂದು ರೀತಿ. ಆಕೆ ಕೊನೆಯ ಎಪಿಸೋಡ್ ನೋಡುವುದೇ ಇಲ್ಲ. “ನಾ ನೋಡದಿದ್ರ ಆಕಿ ಸಾಯಂಗಿಲ್ಲಲ್ಲ” ಎನ್ನುತ್ತಾಳೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಆಕೆಯ ತವರು ಹೊಳೆಯಾಚೆ ಉಳಿಯಿತು. ತಾಯಿ ಹೋದ ಸುದ್ದಿ ಫೋನಿನಲ್ಲಿ ಬಂತು, ಹೋಗಲು ದಾರಿಯಿರಲಿಲ್ಲ. ಹೊಳೆ ಬಂದದ್ದು ಯಾರ ತಪ್ಪೂ ಅಲ್ಲ ಎಂದು ನಾವೆಲ್ಲ ಹೇಳಿದ್ದೇವೆ. “ಹಿಂದಿನ ವಾರ ಯಾಕ ಹೋಗಲಿಲ್ಲ ನಾನು?” ಎಂಬ ಆಕೆಯ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ನೀರು ಇಳಿಯಿತು, ಅದು ಇಳಿದಿಲ್ಲ.

ಆ ಅಕ್ಕ ಬೇಡವೆಂದರೂ ವೈನಿ ಒತ್ತಾಯ ಮಾಡಿ ತೋರಿಸಿದ್ದು 2025ರ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’. ಜೇಜು ದ್ವೀಪದ ಒಂದು ಮನೆತನದ ಕಥೆ. ಬಿರುಗಾಳಿಯ ದಿನ ಆ ಮನೆಯ ಕಿರಿಯ ಕೂಸು ತೀರಿಕೊಂಡಾಗ ತಾಯಿ, ತಂದೆ, ಉಳಿದ ಮಕ್ಕಳು ಎಲ್ಲರೂ ಒಬ್ಬೊಬ್ಬರೇ ‘ತಪ್ಪು ನನ್ನದು’ ಎಂದು ಒಳಗೊಳಗೇ ಹೊತ್ತುಕೊಂಡು ತಿರುಗುತ್ತಾರೆ. ಮುಂದೆ ತಂದೆಗೆ ಎಲುಬಿನ ಮಜ್ಜೆಯ ಕ್ಯಾನ್ಸರು. ಜೀವನವಿಡೀ ಅಪ್ಪನ ಮೇಲೆ ಸಿಡುಕಿದ ಮಗಳಿಗೆ ಆಗ ಹೊಟ್ಟೆಯಲ್ಲಿ ಸಂಕಟ. ನಾಟಕದ ಕೊರಿಯನ್ ಹೆಸರು ಜೇಜುವಿನ ಆಡುಮಾತಿನದು. ಸೋಲ್ ನಗರದವರ ಕಿವಿಗೆ ಅದು ‘ಪೂರಾ ಮೋಸಹೋದಿರಿ’ ಎಂಬಂತೆ ಕೇಳುತ್ತದಂತೆ. ಜೇಜುವಿನಲ್ಲಿ ಮಾತ್ರ ಅದಕ್ಕೆ ‘ಭಾಳ ದಣದ್ರಿ’ ಎಂದರ್ಥ. ಬೆಂಗಳೂರಿನಲ್ಲಿ ನಾವು ಬಾಯಿ ತೆರೆದಾಗ ಎದುರಿಗಿದ್ದವರ ಮುಖ ನೋಡಿದವರಿಗೆ ಜೇಜುವಿನ ಪಾಡು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಗಳಲ್ಲಿ ಹೆತ್ತವರ ಮುಂದೆ ‘ತಪ್ಪಾತು’ ಎಂಬ ಮಾತು ಬಾಯಿಂದ ಬರುವುದಿಲ್ಲ. ಅದು ಮೂಸಂಬಿಯ ರೂಪದಲ್ಲಿ ಬರುತ್ತದೆ. ಹೆಚ್ಚು ಸಿಡುಕಿದ್ದರೆ ಎರಡು ಡಜನ್.

ಅಪ್ಪನಿಗೆ ನಾನು ಒಂದು ಡಜನ್ ಕೊಂಡದ್ದು ಮೀರಜಿನ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಸೀಮೆಯಲ್ಲಿ ‘ಮೀರಜಿಗೆ ಒಯ್ದಾರ’ ಎಂದರೆ ಅರ್ಧ ರಿಪೋರ್ಟು ಬಂದಂತೆಯೇ. ಮಿಷನರಿ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಎಷ್ಟು ತಲೆಮಾರು ಆ ದಾರಿ ತುಳಿದಿದೆಯೋ! ರಾಜ್ಯದ ಗಡಿ ನಕಾಶೆಯಲ್ಲಿದೆ, ಜಡ್ಡಿಗಿಲ್ಲ. ಡಾಕ್ಟರರು ನನ್ನನ್ನು ಬದಿಗೆ ಕರೆದು ಹೇಳಿದರು. ನಾನು ಹೊರಗೆ ಬಂದು ಅಪ್ಪನಿಗೆ, “ಗ್ಯಾಸ್ ಆಗೇತಂತ” ಎಂದೆ.

“ಗ್ಯಾಸಿಗೆ ಇಷ್ಟು ರೊಕ್ಕಾ?” ಎಂದ ಅಪ್ಪ.

ಬಸ್ಸಿನಲ್ಲಿ ಅದನ್ನೇ ಇನ್ನೆರಡು ಸಲ ಕೇಳಿದ. ಮೂರನೆಯ ಸಲಕ್ಕೆ “ಸುಮ್ಮ ಕುಂಡ್ರಪ್ಪಾ!” ಎಂದು ನಾನು ಸಿಡುಕಿದೆ. ಬಸ್ಸಿನ ನಾಲ್ಕು ಮಂದಿ ತಿರುಗಿ ನೋಡಿದರು. ಅಪ್ಪ ಆಮೇಲೆ ಏನೂ ಕೇಳಲಿಲ್ಲ. ಚೀಲದಿಂದ ಒಂದು ಮೂಸಂಬಿ ತೆಗೆದು ಸುಲಿದು, ಬೀಜ ಬಿಡಿಸಿ, ಅರ್ಧ ನನ್ನ ಕೈಯಲ್ಲಿಟ್ಟ. ಐದು ತಿಂಗಳು ನಾನು ಗ್ಯಾಸಿನ ಕಥೆಯನ್ನು ನಡೆಸಿದೆ. ನನ್ನ ಅಭಿನಯ ಚೆನ್ನಾಗಿದೆಯೆಂದೇ ತಿಳಿದಿದ್ದೆ.

ಆ ಕರೆಂಟು ಹೋದ ಮಧ್ಯಾಹ್ನ ಮೊಬೈಲಿನ ಹುಡುಗಿ ಆಸ್ಪತ್ರೆಯ ಕಾಗದವನ್ನು ಹರಿದು ಮನೆಗೆ ಹೋಗಿ, ಏನೂ ಆಗದವಳಂತೆ ತಾಯಿಯೊಡನೆ ಉಣ್ಣಲು ಕೂತಳು. ಎದುರು ಮನೆಯ ಹುಡುಗಿ, “ನೋಡ್ರಿ, ಅವರವ್ವಗೂ ಗೊತ್ತೈತಿ. ಇಬ್ಬರೂ ಹೇಳವಲ್ಲರು” ಎಂದಳು.

ದೊಡ್ಡವ್ವ ನನ್ನ ಕಡೆ ನೋಡದೆ ಹೇಳಿದಳು: “ಇದೇನು ಹೊಸಾದು? ಇವರಪ್ಪನೂ ಹಿಂಗs ಮಾಡಿದ. ಮೀರಜದಾಗ ಬಾಗಿಲ ಮ್ಯಾಲ ‘ಕರ್ಕರೋಗ’ ಅಂತ ದೊಡ್ಡ ಅಕ್ಷರದಾಗ ಬರದಿದ್ರಂತ. ಅವಗೇನು ಮರಾಠಿ ಬರತಿದ್ದಿಲ್ಲ?”

ನಾನು ಸುಮ್ಮನೆ ನಿಂತೆ.

“‘ನನಗ ಗೊತ್ತೈತಿ ಅಂತ ಹುಡುಗಗ ಹೇಳಬ್ಯಾಡ ಅಕ್ಕಾ’ ಅಂದಿದ್ದ. ‘ಗ್ಯಾಸು ಗ್ಯಾಸು ಅಂತ ಹೇಳಿ ಹೇಳಿ ಪಾಪ, ಭಾಳ ದಣದಾನ’ ಅಂದ.”

ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಬಡಿಯತೊಡಗಿದವು. ಬಂದದ್ದು ಒಳ್ಳೆಯದೇ ಆಯಿತು.